ಅದು ನಿಧಿಯಲ್ಲ, ಇಡುಗಂಟು

ಹಳೆಯ ಮನೆ ಕೆಡವುವಾಗ, ಅಣ್ಣತಮ್ಮಂದಿರು ಬೇರೆಯಾಗುವಾಗ, ಮನೆಯ ಹಿರಿಯ ಹೆಂಗಸು ತೀರಿಹೋಗಿ ನಲವತ್ತನೆಯ ದಿನವೋ ವರ್ಷದ ತಿಥಿಯೋ ಮುಗಿದಾಗ ನಮ್ಮ ಕಡೆಯ ಮನೆಗಳಿಂದ ಮೊದಲು ಬೀದಿಗೆ ಬೀಳುವುದು ಮರದ ಸಾಮಾನು. ಚಿಕ್ಕಬಳ್ಳಾಪುರವಾಗಲಿ ಗೌರಿಬಿದನೂರಾಗಲಿ, ಚಿಂತಾಮಣಿಯಾಗಲಿ ಶಿಡ್ಲಘಟ್ಟವಾಗಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಜಾತಿ ಧರ್ಮಗಳ ವ್ಯತ್ಯಾಸವಂತೂ ಇಲ್ಲವೇ ಇಲ್ಲ. ಹಿತ್ತಾಳೆ ಪಟ್ಟಿ ಬಡಿದ ಸಂದೂಕ, ಕಾಲು ಅಲ್ಲಾಡುವ ಮಂಚ, ಕನ್ನಡಿ ಒಡೆದ ಬೀರು, ಮುಚ್ಚಿಹೋದ ಅಂಗಡಿಯ ಗಲ್ಲಾಪೆಟ್ಟಿಗೆ. ಹೊಸ ಮನೆಯ ಗ್ರಾನೈಟ್ ನೆಲಕ್ಕೆ ಇವು ಒಪ್ಪುವುದಿಲ್ಲವಂತೆ. ಹಳೇ ಸಾಮಾನಿನವನ ಟೆಂಪೋ ಬರುತ್ತದೆ, ಒಂದಿಷ್ಟು ಚೌಕಾಸಿ ನಡೆಯುತ್ತದೆ, ಎರಡು ತಲೆಮಾರು ಒಂದೇ ಮೂಲೆಯಲ್ಲಿ ನಿಂತಿದ್ದ ಪೆಟ್ಟಿಗೆ ಹಗ್ಗ ಬಿಗಿಸಿಕೊಂಡು ಬೆಂಗಳೂರಿನ ದಾರಿ ಹಿಡಿಯುತ್ತದೆ. ಅಲ್ಲಿ ಪಾಲಿಶ್ ಹಚ್ಚಿಸಿಕೊಂಡು, ಆಂಟಿಕ್ ಎಂಬ ಹೆಸರು ಪಡೆದು, ಹತ್ತುಪಟ್ಟು ಬೆಲೆಗೆ ಯಾವುದೋ ಹೋಟೆಲಿನ ಪಡಸಾಲೆ ಸೇರುತ್ತದೆ.

ಕೆಲವು ದಿನಗಳಾದ ಮೇಲೆ ಊರಿನಲ್ಲಿ ಒಂದು ಸುದ್ದಿ ಹುಟ್ಟುತ್ತದೆ. ಆ ಪೆಟ್ಟಿಗೆಯ ಕಳ್ಳಖಾನೆಯಲ್ಲಿ ಬಂಗಾರ ಸಿಕ್ಕಿತಂತೆ. ಈ 'ಅಂತೆ' ಎಷ್ಟು ಸಲ ನಿಜ, ಎಷ್ಟು ಸಲ ಸುಳ್ಳು ಎಂಬುದು ಬೇರೆ ಮಾತು. ನಮ್ಮನ್ನು ಕಾಡುವುದು ಚಹಾದಂಗಡಿಯಲ್ಲಿ ಅದಕ್ಕೆ ಬರುವ ಉತ್ತರ. ಉರ್ದು ಮಾತಾಡುವವರು ಅವನ ನಸೀಬು ಎನ್ನುತ್ತಾರೆ, ಕನ್ನಡದವರು ಅವನ ಅದೃಷ್ಟ ಎನ್ನುತ್ತಾರೆ, ತೆಲುಗಿನವರು ತಮ್ಮ ಮಾತಿನಲ್ಲಿ ಅದನ್ನೇ ಅನ್ನುತ್ತಾರೆ. ಮೂರು ಭಾಷೆಯಲ್ಲೂ ಒಬ್ಬರಾದರೂ ಕೇಳದ ಪ್ರಶ್ನೆ ಒಂದೇ: ಅದು ಯಾರದು? ಈ ಬರಹ ಆ ಪ್ರಶ್ನೆಯ ಬಗ್ಗೆ.

ಕತೆ ಬರೆಯುವ ನಮ್ಮಂಥವರಿಗೆ ಪದಗಳ ಮೇಲೆ ಸ್ವಲ್ಪ ಅನುಮಾನ ಹೆಚ್ಚು. ಉರ್ದುವಿನಲ್ಲಿ ಹೂತಿಟ್ಟ ಸಂಪತ್ತಿಗೆ ದಫೀನಾ ಎನ್ನುತ್ತಾರೆ. ನಂಬಿ ಒಪ್ಪಿಸಿದ್ದಕ್ಕೆ ಅಮಾನತ್ ಎನ್ನುತ್ತಾರೆ. ಕನ್ನಡದಲ್ಲಿ ನಿಧಿ ಎಂಬ ಮಾತಿದೆ, ಇಡುಗಂಟು ಎಂಬ ಮಾತೂ ಇದೆ. ನಿಧಿಗೆ ವಾರಸುದಾರರಿಲ್ಲ. ಅದು ಯಾವುದೋ ರಾಜನದು, ಯಾವುದೋ ಕಾಲದ್ದು. ಇಡುಗಂಟು ಹಾಗಲ್ಲ. ಒಬ್ಬರು ಇಟ್ಟರೆ ತಾನೇ ಅದು ಇಡುಗಂಟಾಗುವುದು? ಇಟ್ಟವರು ಯಾರೆಂದು ಕೇಳಬಾರದು ಅನ್ನಿಸಿದಾಗ ನಾವು ಜಾಣತನದಿಂದ ಇಡುಗಂಟನ್ನು ನಿಧಿ ಎಂದು ಕರೆದುಬಿಡುತ್ತೇವೆ. ಹೆಸರು ಬದಲಾಯಿತು, ಹಕ್ಕೂ ಬದಲಾಯಿತು!

ಕಾನೂನು ಕೂಡ ಈ ಎರಡನ್ನು ಬೇರೆ ಬೇರೆ ಮಾಡಿಯೇ ನೋಡುತ್ತದೆ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯ ಪ್ರಕಾರ ನಿಧಿಯೆಂದರೆ ಮಣ್ಣಿನಲ್ಲಿ ಅಥವಾ ಮಣ್ಣಿಗೆ ಕಚ್ಚಿಕೊಂಡ ಕಟ್ಟಡದಂಥದರಲ್ಲಿ ಅಡಗಿರುವ ಬೆಲೆಬಾಳುವ ವಸ್ತು. ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದು ಹೇಳಿತು. ನಮ್ಮ ರಾಜ್ಯಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೋಡುವಾಗ ತಾಮ್ರದ ಪಾತ್ರೆಯಲ್ಲಿ ಬಂಗಾರದ ಒಡವೆಗಳು ಸಿಕ್ಕವು. ಆ ಬಡ ಕುಟುಂಬ ಅವನ್ನು ಅಧಿಕಾರಿಗಳ ಕೈಗೆ ಒಪ್ಪಿಸಿತು. ನಾಡೆಲ್ಲ ಅವರನ್ನು ಕೊಂಡಾಡಿತು. ಆದರೆ ಪೆಟ್ಟಿಗೆ ಮಣ್ಣಲ್ಲ, ಮಂಚ ಮಣ್ಣಿಗೆ ಕಚ್ಚಿಕೊಂಡದ್ದಲ್ಲ. ಅದರೊಳಗೆ ಸಿಕ್ಕಿದ್ದಕ್ಕೆ ನಿಧಿಯ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಉಳಿಯುವುದು ಒಂದೇ ಲೆಕ್ಕ: ಕಳೆದುಕೊಂಡವರದು ಮತ್ತು ಸಿಕ್ಕವರದು.

ಹಾಗಾದರೆ ಇಟ್ಟವರು ಯಾರು? ಹಳೆಯ ಬಡಗಿಗಳಿಗೆ ಕಳ್ಳಖಾನೆಯ ವಿದ್ಯೆ ಗೊತ್ತಿತ್ತು. ಪೆಟ್ಟಿಗೆಯ ತಳಕ್ಕೆ ಎರಡು ಹಲಗೆ ಹಾಕಿ ನಡುವೆ ಬೆರಳಷ್ಟು ಜಾಗ ಬಿಡುವುದು, ಡ್ರಾಯರನ್ನು ಬೀರುವಿನ ಆಳಕ್ಕಿಂತ ಗಿಡ್ಡ ಮಾಡಿ ಹಿಂದೊಂದು ಗೂಡು ಉಳಿಸುವುದು, ಜಾರುವ ಪಟ್ಟಿಯೊಂದನ್ನು ಅಲಂಕಾರದಂತೆ ಕೂರಿಸುವುದು. ಹೊರಗಿನ ಅಳತೆಗೂ ಒಳಗಿನ ಅಳತೆಗೂ ತಾಳೆಯಾಗದಿದ್ದರೆ ಅಲ್ಲೇನೋ ಇದೆ ಎಂದು ತಿಳಿದವರು ಹೇಳುತ್ತಾರೆ. ಸಾಹುಕಾರರು ಇಂಥವನ್ನು ಕಳ್ಳರಿಗೆ ಹೆದರಿ ಮಾಡಿಸಿದರು. ಆದರೆ ಸಾಹುಕಾರ ತನ್ನ ಗುಟ್ಟನ್ನು ಸಾಯುವ ಮುಂಚೆ ಮಗನಿಗೆ ಹೇಳಿಯೇ ಹೇಳುತ್ತಾನೆ. ಹೇಳದೆ ಸತ್ತವರ ಗಂಟು ಮಾತ್ರ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಯಾರಿಗೂ ಹೇಳಲಾರದೆ ಸಾಯುವವರು ನಮ್ಮ ಮನೆಗಳಲ್ಲಿ ಯಾರು? ಹೆಂಗಸರು.

ಸಾಸಿವೆ ಡಬ್ಬಿಯ ದುಡ್ಡು ಎಂದರೆ ಕನ್ನಡಿಗರೆಲ್ಲ ಒಂದು ನಗೆ ನಗುತ್ತಾರೆ. ಅದರಲ್ಲಿ ನಗುವಂಥದ್ದೇನಿದೆ ಎಂದು ನಾವು ಕೇಳುತ್ತೇವೆ. ಶಿಡ್ಲಘಟ್ಟದ ಫಿಲೇಚರುಗಳಲ್ಲಿ ಬಿಸಿನೀರಿಗೆ ಕೈ ಅದ್ದಿ, ಬೆರಳ ಚರ್ಮ ಬಿಳಿಚಿಕೊಳ್ಳುವಂತೆ ಗೂಡಿನಿಂದ ನೂಲು ತೆಗೆಯುವ ಹೆಂಗಸರಿದ್ದಾರೆ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು, ದುಡ್ಡು ಎಣಿಸುವವರು ಬಹುಮಟ್ಟಿಗೆ ಗಂಡಸರು. ಹಳ್ಳಿಗಳಲ್ಲಿ ಬೆಳಗಿನ ಜಾವ ಎದ್ದು ಹಸು ಕರೆಯುವವಳು ಅವಳು. ಡೈರಿಯ ಬಟವಾಡೆ ಎಣಿಸಿಕೊಳ್ಳುವ ಕೈ ಎಷ್ಟೋ ಸಲ ಗಂಡನದು. ಮನೆಯಲ್ಲೇ ಹೊಲಿಗೆ ಹಾಕುವವಳು, ನೆಲಗಡಲೆ ಸುಲಿಯುವವಳು, ಹಬ್ಬಕ್ಕೆ ಬಂದ ಅಣ್ಣ ಕೈಯಲ್ಲಿಟ್ಟ ಈದಿಯನ್ನೋ ಅರಿಶಿನ ಕುಂಕುಮದ ಕಾಸನ್ನೋ ಸೆರಗಿನ ತುದಿಗೆ ಗಂಟು ಹಾಕಿಕೊಂಡವಳು. ಈ ಗಂಟು ಗಂಡನ ಕುಡಿತಕ್ಕೆ, ಇಸ್ಪೀಟಿಗೆ, ಮೈದುನನ ವ್ಯಾಪಾರದ ನಷ್ಟಕ್ಕೆ ಕರಗದಿರಲಿ ಎಂದು ಅವಳು ಅಡಗಿಸುತ್ತಾಳೆ. ಕಳ್ಳರಿಗೆ ಹೆದರಿ ಅಲ್ಲ, ಮನೆಯವರಿಗೆ ಹೆದರಿ. ಮಗಳ ಹೆರಿಗೆಗಿರಲಿ, ತನ್ನ ಕಫನ್ನಿಗಾದರೂ ಇರಲಿ ಎಂದು.

ಇಂಥ ಗಂಟು ನಮ್ಮಲ್ಲಿ ಮಾತ್ರ ಇರುವುದೆಂದು ಯಾರೂ ತಿಳಿಯಬೇಕಿಲ್ಲ. 2014ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ನ್ಯೂ ಪಾಲ್ಟ್ಜ್ ಎಂಬ ಊರಿನಲ್ಲಿ ಒಟ್ಟಿಗೆ ಬಾಡಿಗೆಗಿದ್ದ ಮೂವರು ಎಳೆಯರು ದಾನದ ಸಾಮಾನು ಮಾರುವ ಅಂಗಡಿಯಿಂದ 20 ಡಾಲರಿಗೆ ಹಳೆಯ ಸೋಫಾ ತಂದರು. ದಿಂಬುಗಳ ಸಂದಿಯಲ್ಲಿ ಕೈಯಾಡಿಸಿದರೆ ಲಕೋಟೆಗಳು. ಎಣಿಸಿದರೆ 40,800 ಡಾಲರು. ಜೊತೆಯಲ್ಲಿದ್ದ ಬ್ಯಾಂಕಿನ ಚೀಟಿಯಲ್ಲಿ ಒಬ್ಬ ಹೆಂಗಸಿನ ಹೆಸರಿತ್ತು. ಆಕೆ 91 ವರ್ಷದ ವಿಧವೆ. ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಆಕೆ ಚಿಕಿತ್ಸೆಗೆಂದು ಮನೆ ಬಿಟ್ಟಿದ್ದಾಗ ಮನೆಯವರು, ಆಕೆಯ ಒಳ್ಳೆಯದಕ್ಕೆಂದೇ, ಸೋಫಾ ತೆಗೆದು ಹಾಸಿಗೆ ಹಾಕಿಸಿದ್ದರು. ಮೂವರೂ ಹೋಗಿ ಹಣವನ್ನು ಆಕೆಗೆ ಒಪ್ಪಿಸಿದರು. ಆಕೆ 1,000 ಡಾಲರು ಬಹುಮಾನ ಕೊಟ್ಟಳು. ಪತ್ರಿಕೆಗಳು ಎಳೆಯರ ಪ್ರಾಮಾಣಿಕತೆಯನ್ನು ಮೆಚ್ಚಿದವು. ಮೆಚ್ಚಲೇಬೇಕು. ನಮ್ಮ ಕಣ್ಣು ಹೋಗುವುದು ಮಾತ್ರ ಬೇರೆ ಕಡೆಗೆ: ತೊಂಬತ್ತು ದಾಟಿದ ಹೆಂಗಸಿನ ಸಾಮಾನನ್ನು ಆಕೆಯನ್ನು ಕೇಳದೆ ಸಾಗಿಸಬಹುದೆಂದು ಮನೆಯವರಿಗೆ ಅನ್ನಿಸಿತಲ್ಲ, ಅದರ ಕಡೆಗೆ.

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ. ನಾನು ಕಾಸು ಕೊಟ್ಟು ಕೊಂಡಿದ್ದೇನೆ, ಪೆಟ್ಟಿಗೆಯೂ ನನ್ನದು, ಒಳಗಿನದೂ ನನ್ನದು ಎನ್ನುತ್ತಾರೆ. ಈ ವಾದ ಹೊಸದಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳು ಇದನ್ನು ಇನ್ನೂರು ವರ್ಷಗಳ ಹಿಂದೆಯೇ ಕೇಳಿಸಿಕೊಂಡಿವೆ. 1803ರ ಕಾರ್ಟ್‌ರೈಟ್ ಮತ್ತು ಗ್ರೀನ್ ಮೊಕದ್ದಮೆಯಲ್ಲಿ ರಿಪೇರಿಗೆ ಬಂದ ಬ್ಯೂರೋ ಒಂದರ ಗುಪ್ತಖಾನೆಯಲ್ಲಿ ಬಡಗಿಗೆ 900 ಗಿನಿಗಳು ಸಿಕ್ಕವು. ಅವನ್ನು ಅವನು ತನ್ನದಾಗಿಸಿಕೊಂಡದ್ದು ಕಳವು ಎಂದು ನ್ಯಾಯಾಧೀಶರು ಕಂಡರು. 1841ರ ಮೆರಿ ಮತ್ತು ಗ್ರೀನ್ ಮೊಕದ್ದಮೆಯಲ್ಲಂತೂ ಮನುಷ್ಯ ಬ್ಯೂರೋವನ್ನು ಹರಾಜಿನಲ್ಲಿ ಕೊಂಡೇ ಇದ್ದ. ಗುಪ್ತಖಾನೆಯಲ್ಲಿ ಹಣದ ಚೀಲ ಸಿಕ್ಕಿತು. ಒಳಗಿನದೂ ಮಾರಾಟಕ್ಕಿದೆ ಎಂದು ನಂಬಲು ಕಾರಣವಿಲ್ಲದಿದ್ದರೆ ಕೊಂಡವನು ಕೂಡ ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಅಂದ ಹಾಗೆ ನಾವು ಮನೆಮನೆಯಲ್ಲಿ ಬೀರು ಎನ್ನುವ ಮಾತು ಬಂದದ್ದು ಅದೇ ಬ್ಯೂರೋದಿಂದ. ಪದವನ್ನು ತಂದುಕೊಂಡೆವು, ಅದರ ಜೊತೆಗಿದ್ದ ನ್ಯಾಯವನ್ನು ಬಿಟ್ಟು ಬಂದೆವು.

ಎದುರು ತೀರ್ಪೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 50 ಡಾಲರಿಗೆ ಹರಾಜಾದ ತಿಜೋರಿಯೊಂದರ ಬೀಗ ಹಾಕಿದ ಒಳಖಾನೆಯಲ್ಲಿ 32,207 ಡಾಲರು ಸಿಕ್ಕಾಗ, 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದು ಕೊಂಡವರದೇ ಎಂದಿತು. ಯಾಕೆ? ಒಳಖಾನೆಗೆ ಬೀಗ ಬಿದ್ದಿದೆ ಎಂಬುದು ಮಾರುವವನಿಗೂ ಗೊತ್ತಿತ್ತು, ಕೊಳ್ಳುವವರಿಗೂ ಗೊತ್ತಿತ್ತು. ಒಳಗೇನಿದ್ದರೂ ಸೇರಿಸಿಯೇ ವ್ಯಾಪಾರ ನಡೆದಿತ್ತು. ನಮ್ಮ ಬೀದಿಯ ವ್ಯಾಪಾರ ಹಾಗೆ ನಡೆಯುತ್ತದೆಯೇ? ಮರದ ತೂಕ ನೋಡಿ, ಗೆದ್ದಲು ಹಿಡಿದಿದೆ ಎಂದು ಹೇಳಿ ಇನ್ನಷ್ಟು ಇಳಿಸಿ ಕೊಂಡುಹೋಗುವ ವ್ಯಾಪಾರ ನಮ್ಮದು. ಗೆದ್ದಲಿನ ಬೆಲೆ ಕೊಟ್ಟು ಬಂಗಾರದ ಹಕ್ಕು ಕೇಳುವುದು ಯಾವ ನ್ಯಾಯ?

ನಮ್ಮ ದೇಶದ ಕಾನೂನೂ ಗೊಂದಲವಿಲ್ಲದೆ ಮಾತಾಡುತ್ತದೆ. 1872ರ ಕರಾರು ಕಾಯ್ದೆಯ 71ನೇ ಕಲಮಿನ ಪ್ರಕಾರ ಇನ್ನೊಬ್ಬರ ವಸ್ತು ಸಿಕ್ಕು ಅದನ್ನು ಇಟ್ಟುಕೊಂಡವನ ಹೊಣೆ, ಒತ್ತೆಯೋ ಠೇವಣಿಯೋ ಇಟ್ಟುಕೊಂಡವನ ಹೊಣೆಯಂಥದ್ದೇ. ಒಡೆಯರನ್ನು ಹುಡುಕುವ ಪ್ರಯತ್ನ ಮಾಡದೆ, ತಕ್ಕಷ್ಟು ಕಾಲ ಕಾಯದೆ ತನ್ನದಾಗಿಸಿಕೊಂಡರೆ ಅದು ಅಪರಾಧ ಎಂದು 1860ರ ದಂಡ ಸಂಹಿತೆಯ 403ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 314ನೇ ಕಲಮಾಗಿ ಮುಂದುವರಿದಿದೆ. ಒಡೆಯರು ಯಾರೆಂದು ಗೊತ್ತಾಗಲಿಲ್ಲ ಎನ್ನುವ ನೆಪವೂ ನಮ್ಮ ಕಡೆ ನಡೆಯದು. ಯಾವ ಬೀದಿಯ ಯಾವ ಮನೆಯಿಂದ ಪೆಟ್ಟಿಗೆ ಎತ್ತಿದ್ದು ಎಂಬುದು ಟೆಂಪೋದವನಿಗೆ ಚೆನ್ನಾಗಿಯೇ ಗೊತ್ತಿರುತ್ತದೆ.

ಕಾನೂನು ಬೇಡ, ಧರ್ಮ ಹೇಳಿ ಎನ್ನುವವರಿಗೆ ಧರ್ಮವನ್ನೇ ಹೇಳೋಣ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಒಂದು ಪ್ರಸಂಗವಿದೆ. ಒಬ್ಬ ಇನ್ನೊಬ್ಬನಿಂದ ನೆಲ ಕೊಂಡ; ಅದರಲ್ಲಿ ಬಂಗಾರ ತುಂಬಿದ ಗಡಿಗೆ ಸಿಕ್ಕಿತು. ಕೊಂಡವನು ಗಡಿಗೆ ಹೊತ್ತು ಮಾರಿದವನ ಬಳಿ ಹೋದ, ತಾನು ಕೊಂಡದ್ದು ನೆಲ ಮಾತ್ರ ಎಂದ. ಮಾರಿದವನು ನೆಲವನ್ನೂ ಅದರಲ್ಲಿದ್ದುದನ್ನೂ ಮಾರಿದ್ದೇನೆ, ನನಗೆ ಬೇಡ ಎಂದ. ಜಗಳ ನ್ಯಾಯ ಹೇಳುವವನ ಮುಂದೆ ಹೋಯಿತು. ಒಬ್ಬನಿಗೆ ಮಗ, ಇನ್ನೊಬ್ಬನಿಗೆ ಮಗಳು. ಅವರಿಬ್ಬರಿಗೆ ಮದುವೆ ಮಾಡಿ, ಆ ಬಂಗಾರವನ್ನು ಅವರಿಗೆ ಖರ್ಚು ಮಾಡಿ, ದಾನವನ್ನೂ ಮಾಡಿ ಎಂದು ತೀರ್ಮಾನವಾಯಿತು. ಬೇಡ ಬೇಡ ಎಂದು ಜಗಳವಾಡಿದ ಇಬ್ಬರ ಕತೆಯನ್ನು ಪ್ರವಾದಿ ಮುಹಮ್ಮದರು (ಸ) ನಮಗೆ ಹೇಳಿಹೋದರು. ನಾವು ಕತೆ ಕೇಳಿ ಸುಬ್‌ಹಾನಲ್ಲಾಹ್ ಎಂದು ತಲೆದೂಗಿ, ಎದ್ದು ಹೋಗಿ ಡ್ರಾಯರಿನ ಹಿಂದೆ ಬೆರಳಾಡಿಸುತ್ತೇವೆ.

ಸಿಕ್ಕ ವಸ್ತುವಿಗೆ ಇಸ್ಲಾಮಿನಲ್ಲಿ ಲುಖತಾ ಎಂಬ ಹೆಸರೂ ಅದರದೇ ಕಟ್ಟಳೆಯೂ ಇವೆ. ಅದರ ಚೀಲ ಎಂಥದು, ಕಟ್ಟಿದ ದಾರ ಎಂಥದು ಎಂದು ಗುರುತಿಟ್ಟುಕೊಳ್ಳಬೇಕು, ಒಂದು ವರ್ಷ ಸಾರಬೇಕು. ದಾರದ ಮಾತು ಯಾಕೆ ಬಂತು ಎಂದು ಯೋಚಿಸಿ. ಗಂಟು ಹಾಕುವ ರೀತಿ ಒಬ್ಬೊಬ್ಬರದು ಒಂದೊಂದು. ತಾಯಿ ಹಾಕಿದ ಗಂಟನ್ನು ಗುರುತಿಸಲು ಮಗಳಿಗೆ ಸಾಕ್ಷಿ ಬೇಕಾಗುವುದಿಲ್ಲ. ಕಹ್ಫ್ ಅಧ್ಯಾಯದಲ್ಲಿ ಬೀಳುವಂತಿದ್ದ ಗೋಡೆಯ ಪ್ರಸಂಗ ಇನ್ನೂ ಖಚಿತವಾಗಿದೆ. ಆ ಊರಿನವರು ಅನ್ನ ಕೊಡದೆ ಕಳಿಸಿದ್ದರೂ ಮೂಸಾ ಅವರ ಜೊತೆಗಿದ್ದ ಜ್ಞಾನಿ ಕೂಲಿ ಕೇಳದೆ ಗೋಡೆಯನ್ನು ಎತ್ತಿ ನಿಲ್ಲಿಸುತ್ತಾನೆ. ಅದರ ಕೆಳಗೆ ಇಬ್ಬರು ಅನಾಥ ಮಕ್ಕಳ ಸಂಪತ್ತಿತ್ತು. ಅವರು ದೊಡ್ಡವರಾಗಿ ಬಂದು ತೆಗೆದುಕೊಳ್ಳುವವರೆಗೆ ಅದು ಬಯಲಾಗಬಾರದಿತ್ತು. ಅಡಗಿದ್ದು ಎಲ್ಲಿದೆ ಎಂದು ಗೊತ್ತಿರುವವನ ಕೆಲಸ ಅದನ್ನು ವಾರಸುದಾರರಿಗಾಗಿ ಕಾಯುವುದು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ?

ಇಷ್ಟು ಹೊತ್ತು ಕೊಂಡವರ ಮೇಲೆ ಹರಿಹಾಯ್ದದ್ದಾಯಿತು. ಈಗ ಮಾರಿದವರ ಕಡೆ ತಿರುಗೋಣ, ಯಾಕೆಂದರೆ ಹೆಚ್ಚಿನ ತಪ್ಪು ಅಲ್ಲಿದೆ. ಪೆಟ್ಟಿಗೆಯಲ್ಲಿ ಒಡವೆ ಇತ್ತೆಂದು ತಿಳಿದ ಕೂಡಲೇ ಗಂಡುಮಕ್ಕಳು ಟೆಂಪೋದವನ ಮೇಲೆ ಬೀಳುತ್ತಾರೆ, ನಮ್ಮ ಮನೆಯದು ಎನ್ನುತ್ತಾರೆ. ನಿಲ್ಲಿ ಸ್ವಾಮಿ, ಆ ಪೆಟ್ಟಿಗೆ ಮಾರಲು ನಿಮಗೆ ಹಕ್ಕು ಕೊಟ್ಟವರು ಯಾರು? ಆ ಬೀರು, ಆ ಮಂಚ, ಆ ಸಂದೂಕ ಮನೆಗೆ ಬಂದದ್ದು ಹೇಗೆ? ಬಹುಪಾಲು ಮದುವೆಯ ದಿನ, ಅವಳ ತವರಿನಿಂದ. ಜಹೇಜ್ ಅನ್ನಿ, ವರದಕ್ಷಿಣೆ ಅನ್ನಿ, ಬಳುವಳಿ ಅನ್ನಿ. ಕೇಳಿ ಪಡೆಯುವುದು ಅಪರಾಧ. ಪಡೆದದ್ದನ್ನು ಮೂರು ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಅವಳ ಪರವಾಗಿ ಕಾಯಬೇಕು ಎಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಸ್ತ್ರೀಧನ ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಗಂಡನದಾಗುವುದಿಲ್ಲ, ಅವನು ಅದರ ಕಾವಲಿನವನಷ್ಟೆ ಎಂದು ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ 1985ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆಗೆ ನಗುವ ನಾವು ತಾಯಿಯ ಸೊತ್ತನ್ನು ಮಕ್ಕಳು ಮಾರಿದಾಗ ಅದನ್ನು ಮನೆ ಖಾಲಿ ಮಾಡುವುದು ಎನ್ನುತ್ತೇವೆ.

ಹೆಣ್ಣುಮಕ್ಕಳ ಪಾಲಿನ ಮಾತೂ ಇಲ್ಲಿ ಬರಲೇಬೇಕು. ತಂದೆತಾಯಿ ಬಿಟ್ಟುಹೋದದ್ದರಲ್ಲಿ ಗಂಡಸರಿಗೆ ಪಾಲಿರುವಂತೆ ಹೆಂಗಸರಿಗೂ ಪಾಲಿದೆ, ಅದು ಕಡಿಮೆಯಿರಲಿ ಹೆಚ್ಚಿರಲಿ ಎಂದು ಕುರ್‌ಆನ್ ನಿಸಾ ಅಧ್ಯಾಯದಲ್ಲಿ ಸ್ಪಷ್ಟಪಡಿಸಿದೆ. ಕಡಿಮೆಯಿರಲಿ ಎಂಬುದರಲ್ಲಿ ಕಾಲು ಅಲ್ಲಾಡುವ ಮಂಚವೂ ಸೇರುತ್ತದೆ. ಹಿಂದೂ ಕುಟುಂಬಗಳಲ್ಲಿ 1956ರ ಉತ್ತರಾಧಿಕಾರ ಕಾಯ್ದೆ ತಾಯಿಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಕೊಟ್ಟಿದೆ. ಪಿತ್ರಾರ್ಜಿತದಲ್ಲೂ ಮಗಳನ್ನು ಮಗನಿಗೆ ಸಮ ಮಾಡುವ ತಿದ್ದುಪಡಿಯನ್ನು ದೇಶಕ್ಕಿಂತ ಮೊದಲು, 1994ರಲ್ಲೇ ಜಾರಿಗೆ ತಂದ ನಾಡು ನಮ್ಮದು. ಹೀಗಿದ್ದೂ ತಾಯಿಯ ಪೆಟ್ಟಿಗೆ ಬೀದಿಗೆ ಹೋಗುವ ದಿನ ಹೆಣ್ಣುಮಕ್ಕಳಿಗೆ ಒಂದು ಫೋನು ಹೋಗುವುದಿಲ್ಲ. ಹೊಲದ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡವರು ಮುರುಕು ಪೆಟ್ಟಿಗೆಗೆ ಬಾಯಿ ತೆರೆಯುತ್ತಾರೆಯೇ?

ಅಡಗಿಸಿದ್ದಕ್ಕೆ ಆಯುಷ್ಯವೂ ಇದೆ ಎಂಬುದನ್ನು 2016ರ ನವೆಂಬರ್ 8ರ ರಾತ್ರಿ ಕಲಿಸಿತು. 500, 1,000 ರೂಪಾಯಿಯ ನೋಟುಗಳು ರದ್ದಾದಾಗ ಎಷ್ಟೋ ಹೆಂಗಸರು ಗಂಡನ ಮುಂದೆ ಗಂಟು ಬಿಚ್ಚಬೇಕಾಯಿತು. ಬಿಚ್ಚಿದ ದುಡ್ಡು ಬ್ಯಾಂಕಿಗೆ ಹೋಯಿತು, ಎಷ್ಟೋ ಸಲ ಅವನ ಖಾತೆಗೆ. ಬಿಚ್ಚದೆ ಉಳಿದದ್ದು, ಮರೆತದ್ದು, ಇಟ್ಟವಳು ಆಗಲೇ ತೀರಿಹೋಗಿದ್ದರಿಂದ ಯಾರಿಗೂ ತಿಳಿಯದೇ ಹೋದದ್ದು ಆ ಡಿಸೆಂಬರ್ 30ರ ನಂತರ ಬರಿಯ ಕಾಗದವಾಯಿತು. 2017ರ ಕಾಯ್ದೆಯಂತೂ ಅಂಥ ಹತ್ತಕ್ಕಿಂತ ಹೆಚ್ಚು ನೋಟು ಇಟ್ಟುಕೊಂಡವರಿಗೆ 10,000 ರೂಪಾಯಿ ಅಥವಾ ನೋಟಿನ ಮೊತ್ತದ ಐದುಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ ಹಾಕಬಹುದೆಂದಿತು. ಇಂದು ಹಳೆಯ ಬೀರುವಿನ ಹಿಂದೆ ಅಂಥ ಕಟ್ಟೊಂದು ಸಿಕ್ಕರೆ ಯಾರೂ ಅದನ್ನು ನಸೀಬು ಎನ್ನುವುದಿಲ್ಲ. ಒಂದು ಬದುಕಿನ ದುಡಿಮೆಯನ್ನು ಒಲೆಗೆ ಹಾಕುತ್ತಾರೆ.

ದೊಡ್ಡವರ ಗುಟ್ಟಾದರೆ ಕತೆಯೇ ಬೇರೆ. 2018ರ ಜುಲೈನಲ್ಲಿ ಬೆಂಗಳೂರಿನ ಬೌರಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬ್ಯಾಡ್ಮಿಂಟನ್ ವಿಭಾಗದ ಲಾಕರುಗಳನ್ನು ಒಡೆದು ತೆರೆದಾಗ ಕೋಟಿಗಟ್ಟಲೆ ನಗದು, ವಜ್ರ, ಚಿನ್ನ, ಆಸ್ತಿಪತ್ರಗಳು ಸಿಕ್ಕವು. ಸಿಕ್ಕಿದವರ ಅದೃಷ್ಟ ಎಂದು ಯಾರೂ ಹೇಳಲಿಲ್ಲ. ಪೊಲೀಸರು ಬಂದರು, ಆದಾಯ ತೆರಿಗೆಯವರು ಬಂದರು, ಪಟ್ಟಿ ಬರೆದರು, ಯಾರದು ಎಂಬ ಪ್ರಶ್ನೆಯನ್ನೇ ಎಲ್ಲರೂ ಮೊದಲು ಕೇಳಿದರು. ಸರಿಯಾಗಿಯೇ ಕೇಳಿದರು. ನಮ್ಮ ತಕರಾರು ಇಷ್ಟೇ: ಕ್ಲಬ್ಬಿನ ಲಾಕರಿಗೆ ಒಂದು ನ್ಯಾಯ, ಶಿಡ್ಲಘಟ್ಟದ ಮುದುಕಿಯ ಸಂದೂಕಕ್ಕೆ ಇನ್ನೊಂದು ನ್ಯಾಯ ಯಾಕೆ? ತೆರಿಗೆಗೆ ಹೆದರಿ ಬಚ್ಚಿಟ್ಟವನ ಗಂಟಿಗೆ ಒಡೆಯನಿದ್ದಾನೆ, ಹೊಡೆತಕ್ಕೆ ಹೆದರಿ ಬಚ್ಚಿಟ್ಟವಳ ಗಂಟಿಗೆ ಒಡತಿಯಿಲ್ಲವೇ?

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ತಾಯಿಯ, ಅಜ್ಜಿಯ ಸಾಮಾನು ಮಾರುವ ಮುಂಚೆ ಹೆಣ್ಣುಮಕ್ಕಳನ್ನು ಕರೆಸಿ, ಅವರ ಎದುರಿಗೆ ಪೆಟ್ಟಿಗೆ ತೆರೆಯಿರಿ. ಮೊದಲ ಮಾತು ಅವರದಾಗಲಿ. ಹಳೇ ಸಾಮಾನಿನ ವ್ಯಾಪಾರಿಗಳೇ, ಬಡಗಿಗಳೇ, ಏನಾದರೂ ಸಿಕ್ಕರೆ ಎಲ್ಲಿಂದ ತಂದಿರೋ ಅಲ್ಲಿಗೆ ಹೋಗಿ, ಮನೆಯ ಗಂಡಸಿನ ಕೈಗೆ ಗುಟ್ಟಾಗಿ ಕೊಡಬೇಡಿ, ಎಲ್ಲ ಮಕ್ಕಳೂ ಕೂಡಿದಾಗ ಕೊಡಿ. ನಿಮಗೊಂದು ಬಹುಮಾನ ಕೊಡುವುದು ಆ ಮನೆಯವರ ಧರ್ಮ. ವಾರಸುದಾರರು ಯಾರೂ ಇಲ್ಲದಿದ್ದರೆ ಪೊಲೀಸ್ ಠಾಣೆ ಇದೆ. ಜುಮಾದ ಖುತ್ಬಾದಲ್ಲಿ ಬಡ್ಡಿಯ ಬಗ್ಗೆ ಮಾತಾಡುವ ಉಲೇಮಾಗಳು ವರ್ಷಕ್ಕೊಮ್ಮೆಯಾದರೂ ಅಮ್ಮಂದಿರ ಅಮಾನತ್ತಿನ ಬಗ್ಗೆ ಮಾತಾಡಲಿ. ಮಠ ದೇವಸ್ಥಾನಗಳ ಜಗಲಿಗಳಲ್ಲೂ ಆ ಮಾತು ಬರಲಿ.

ಇನ್ನು ಮನೆಯಲ್ಲಿ ಅಂಥ ಪೆಟ್ಟಿಗೆ ಇರುವ, ಇಟ್ಟವಳೂ ಬದುಕಿರುವ ಗಂಡಸರಿಗೆ ಒಂದು ಮಾತು. ಡ್ರಾಯರಿನ ಹಿಂದೆ ಏನಿದೆ ಎಂದು ಹುಡುಕಬೇಡಿ. ಅವಳ ಹೆಸರಿನಲ್ಲಿ ಖಾತೆ ತೆರೆಸಿ, ಪಾಸ್‌ಬುಕ್ಕೂ ಎಟಿಎಂ ಕಾರ್ಡೂ ಅವಳ ಕೈಯಲ್ಲೇ ಇರಲಿ, ನಾಮಿನಿ ಯಾರೆಂದು ಅವಳೇ ಬರೆಸಲಿ. ಬಾಕಿಯಿರುವ ಮೆಹರ್ ಕೊಟ್ಟುಬಿಡಿ. ಆಮೇಲೂ ಅವಳು ಸಾಸಿವೆ ಡಬ್ಬಿಗೆ ಕೈ ಹಾಕಿದರೆ ಅದು ಅವಳ ಇಷ್ಟ. ಬಚ್ಚಿಡಬೇಕಾದ ಕಾರಣ ನೀವೇ ಆಗಿರುವವರೆಗೆ ಮಾತ್ರ, ಅವಳು ಸತ್ತ ಮೇಲೆ ಆ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ದೇವರು ಕೊಟ್ಟದ್ದು ಎನ್ನಬೇಡಿ. ದೇವರು ಕೊಟ್ಟದ್ದಲ್ಲ ಅದು. ಅವಳು ನಿಮಗೆ ಕೊಡದೆ ಉಳಿಸಿಕೊಂಡದ್ದು.